ಋತುಬಂಧ ತಡವಾದಾಗ

ಸಮುದ್ರಮಟ್ಟದ ವಾಯುವೊತ್ತಡದಲ್ಲಿ ಶುದ್ಧವಾದ ನೀರನ್ನು ಕಾಯಿಸಿದರೆ ಅದು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯುತ್ತದೆ. ಕಾವೇರಿಯ ನೀರನ್ನು ಶುದ್ಧಿಮಾಡಿ ಕಾಯಿಸಿದರೂ ಅಷ್ಟೇ, ತುಂಗೆಯ ನೀರನ್ನು ಶುದ್ಧಿಮಾಡಿ ಕಾಯಿಸಿದರೂ ಅಷ್ಟೇ. ಭೌತವಿಜ್ಞಾನವನ್ನು ಅಭ್ಯಾಸಮಾಡುವ ನಮಗೆ ಇಂತಹ ಖಚಿತವಾದ ಸಂಖ್ಯೆಗಳ ರೂಢಿಯಾಗಿಬಿಟ್ಟಿರುತ್ತದೆ. ಆದುದರಿಂದ ಮಾನವ ಶರೀರದ ವಿಷಯಕ್ಕೆ ಬಂದಾಗಲೂ ಅಂತಹುದೇ ಒಂದು ಸಂಖ್ಯೆಯನ್ನು ನಾವು ಅರಸುತ್ತೇವೆ. ಆದರೆ ಅಲ್ಲಿ ನಮಗೆ ದೊರೆಯುವುದು ಸರಾಸರಿ ಮಾತ್ರ. ಸರಾಸರಿಯು ಒಂದು ಗುಂಪಿನ ಗುಣವೇ ಹೊರತು ಆ ಗುಂಪಿನಲ್ಲಿರುವ ಒಬ್ಬೊಬ್ಬರ ಗುಣವಲ್ಲ. ಈ ಭೇದವನ್ನು ಮರೆತರೆ ಆರೋಗ್ಯವಂತರು ವೃಥಾ ಅಂಜುವುದೂ, ಅಂಜಬೇಕಾದವರು ನಿಶ್ಚಿಂತರಾಗಿರುವುದೂ ಎರಡೂ ಸಂಭವಿಸುತ್ತವೆ.

ಇದಕ್ಕೆ ಒಳ್ಳೆಯ ನಿದರ್ಶನ ಸ್ತ್ರೀಯರ ಋತುಬಂಧ. ನಮ್ಮ ಮನೆಗಳಲ್ಲಿ ‘ಮುಟ್ಟು ನಿಂತಿತು’ ಎಂಬ ಎರಡೇ ಮಾತುಗಳಲ್ಲಿ, ಅದೂ ತಗ್ಗಿದ ದನಿಯಲ್ಲಿ, ಮುಗಿದುಹೋಗುವ ವಿಷಯವಿದು. ಈ ಪತ್ರಿಕೆಯ ವಾಚಕರಲ್ಲಿ ಅನೇಕರು ಪ್ರೌಢಶಾಲೆ ಕಾಲೇಜುಗಳಲ್ಲಿ ಓದುತ್ತಿರುವ ತರುಣ ತರುಣಿಯರು. ಅವರ ತಾಯಂದಿರು, ದೊಡ್ಡಮ್ಮಂದಿರು, ಸೋದರತ್ತೆಯರು ಬಹುಮಟ್ಟಿಗೆ 40ರಿಂದ 60ರ ನಡುವಣ ವಯಸ್ಸಿನವರು. ಅವರಲ್ಲಿ ಕೆಲವರಿಗೆ ಮುಟ್ಟು ಎಲ್ಲರಿಗೂ ನಿಲ್ಲುವ ಕಾಲದಲ್ಲಿ ನಿಲ್ಲದೆ 54, 55, 56ನೆಯ ವಯಸ್ಸಿನವರೆಗೂ ಮುಂದುವರಿಯಬಹುದು. ಇದು ಭಾಗ್ಯವೋ, ರೋಗವೋ, ಅಥವಾ ಎರಡೂ ಅಲ್ಲವೋ? ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವನ್ನು ನೋಡೋಣ.

ಋತುಬಂಧವೆಂದರೇನು?

ಒಬ್ಬ ಸ್ತ್ರೀಗೆ ಬೇರೆ ಯಾವ ಕಾರಣವೂ ಇಲ್ಲದೆ ಸತತವಾಗಿ 12 ತಿಂಗಳುಗಳ ಕಾಲ ಮುಟ್ಟಾಗದಿದ್ದರೆ, ಅದಕ್ಕೆ ಹಿಂದಿನ ಕೊನೆಯ ಮುಟ್ಟಿನ ದಿನವನ್ನು ಋತುಬಂಧದ ದಿನವೆಂದು ವೈದ್ಯರು ಎಣಿಸುತ್ತಾರೆ. ಈ ವ್ಯಾಖ್ಯೆಯಲ್ಲಿ ಒಂದು ವೈಚಿತ್ರ್ಯವಿದೆ. ಕೊನೆಯ ಮುಟ್ಟು ಬಂದ ದಿನ ಅದು ಕೊನೆಯದೆಂದು ಯಾರಿಗೂ ತಿಳಿಯುವುದಿಲ್ಲ. ಒಂದು ವರ್ಷ ಕಳೆದ ಮೇಲೆ ಹಿಂದಿರುಗಿ ನೋಡಿದಾಗಲಷ್ಟೇ ತಿಳಿಯುತ್ತದೆ. ಅದಕ್ಕೆ ಮುನ್ನ ಹಲವು ವರ್ಷಗಳ ಕಾಲ ಮುಟ್ಟು ಹಿಂದುಮುಂದಾಗುತ್ತಿರುತ್ತದೆ. ಒಮ್ಮೆ 20 ದಿನಕ್ಕೇ ಬಂದರೆ ಮತ್ತೊಮ್ಮೆ 2 ತಿಂಗಳಾದರೂ ಬಾರದು. ಇದು ಸಂಧಿಕಾಲ.

ಯುರೋಪು ಮತ್ತು ಅಮೆರಿಕಗಳಲ್ಲಿ ಸಹಜ ಋತುಬಂಧದ ಸರಾಸರಿ ವಯಸ್ಸು ಸುಮಾರು 51 ವರ್ಷ. ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ಇದು 46-47ರ ಆಸುಪಾಸಿನಲ್ಲಿ ಕಂಡುಬಂದಿದೆ. 40ಕ್ಕೆ ಮುನ್ನ ನಿಂತರೆ ಅಕಾಲ ಋತುಬಂಧವೆಂದೂ, 40ರಿಂದ 45ರೊಳಗೆ ನಿಂತರೆ ಬೇಗನೆಯ ಋತುಬಂಧವೆಂದೂ, 55ನ್ನು ದಾಟಿದರೆ ತಡವಾದ ಋತುಬಂಧವೆಂದೂ ವೈದ್ಯರು ಸಾಮಾನ್ಯವಾಗಿ ಕರೆಯುತ್ತಾರೆ.

ಇಲ್ಲಿ ‘ತಡ’ ಎಂಬ ಪದವನ್ನು ಸ್ವಲ್ಪ ಪರೀಕ್ಷಿಸಬೇಕು. ರೈಲು ತಡವಾಗಿ ಬಂತೆಂದು ಹೇಳಬೇಕಾದರೆ ವೇಳಾಪಟ್ಟಿಯೊಂದಿರಬೇಕು. ಋತುಬಂಧಕ್ಕೆ ಅಂತಹ ವೇಳಾಪಟ್ಟಿಯಿಲ್ಲ. ಇರುವುದು ನೆರೆಹೊರೆಯವರೊಡನೆ ಹೋಲಿಕೆ ಮಾತ್ರ. 53ನೆಯ ವಯಸ್ಸಿನಲ್ಲಿ ಮುಟ್ಟಾಗುವ ಸ್ತ್ರೀಯು ಹಾಲೆಂಡಿನಲ್ಲಿ ಯಾರ ಗಮನವನ್ನೂ ಸೆಳೆಯುವುದಿಲ್ಲ. ಅದೇ ವಯಸ್ಸಿನ ನಮ್ಮ ನಾಡಿನ ತಾಯಿಗೆ, ತನ್ನ ಓರಗೆಯವರಿಗೆಲ್ಲ ಐದಾರು ವರ್ಷಗಳ ಹಿಂದೆಯೇ ನಿಂತಿರುವುದನ್ನು ಕಂಡು, ತನಗೇನೋ ಆಗಿದೆಯೆಂಬ ಸಂದೇಹ ಹುಟ್ಟಬಹುದು. ಇಬ್ಬರ ಶರೀರಗಳಲ್ಲಿಯೂ ನಡೆದಿರುವುದು ಒಂದೇ. ಬೇರೆಯಾಗಿರುವುದು ಸುತ್ತಲಿನ ಗುಂಪು.

ಅಂಡಾಶಯದ ಲೆಕ್ಕ

ಮುಟ್ಟು ಏಕೆ ನಿಲ್ಲುತ್ತದೆಂಬುದನ್ನು ತಿಳಿಯಲು ಅಂಡಾಶಯದ ಒಳಗಿನ ಲೆಕ್ಕವನ್ನು ನೋಡಬೇಕು. ಅಂಡಾಶಯದಲ್ಲಿ ಒಂದೊಂದು ಅಂಡಾಣುವನ್ನೂ ಸುತ್ತುವರಿದ ಸೂಕ್ಷ್ಮವಾದ ಚೀಲಗಳಿರುತ್ತವೆ. ಇವಕ್ಕೆ ಅಂಡಪುಟಕಗಳೆಂದು ಹೆಸರು. ಹೆಣ್ಣುಶಿಶು ತಾಯಿಯ ಗರ್ಭದಲ್ಲಿ 5 ತಿಂಗಳಿನದಾಗಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವ ವೇಳೆಗೆ ಅವು 10ರಿಂದ 20 ಲಕ್ಷಕ್ಕೂ, ಮೈನೆರೆಯುವ ವೇಳೆಗೆ 3ರಿಂದ 4 ಲಕ್ಷಕ್ಕೂ ಇಳಿದಿರುತ್ತವೆ. ಉಳಿದವು ಸುಮಾರು 1,000ಕ್ಕೆ ಇಳಿದಾಗ ಋತುಬಂಧವಾಗುತ್ತದೆ.

ತಿಂಗಳಿಗೊಂದರಂತೆ ಬಿಡುಗಡೆಯಾಗಿ ಇವು ಮುಗಿಯುತ್ತವೆಂದು ಕೆಲವರು ಭಾವಿಸುತ್ತಾರೆ. ಆದರೆ ಒಬ್ಬ ಸ್ತ್ರೀಯ ಇಡೀ ಜೀವಮಾನದಲ್ಲಿ ಹೀಗೆ ಬಿಡುಗಡೆಯಾಗುವ ಅಂಡಾಣುಗಳು ಸುಮಾರು 400ರಿಂದ 500 ಮಾತ್ರ. ಲಕ್ಷಗಟ್ಟಲೆಯಾಗಿ ಉಳಿದವು ತಾವಾಗಿಯೇ ಕ್ಷಯಿಸುತ್ತವೆ. ಆದುದರಿಂದ ಈ ವ್ಯವಹಾರವು ಕಣಜದಿಂದ ದಿನಕ್ಕೊಂದು ಸೇರು ಕಾಳನ್ನು ಅಳೆದು ತೆಗೆಯುವಂತಹುದಲ್ಲ. ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ವಿಕಿರಣಪಟು ಧಾತುವಿನ ಕ್ಷಯಕ್ಕೆ ಇದು ಹೆಚ್ಚು ಹತ್ತಿರ: ಪ್ರತಿವರ್ಷವೂ ಉಳಿದಿರುವುದರ ಇಂತಿಷ್ಟು ಪಾಲು ಕಳೆದುಹೋಗುತ್ತದೆ.

ಆದರೆ ಒಂದು ಮುಖ್ಯವಾದ ವ್ಯತ್ಯಾಸವಿದೆ. ರೇಡಿಯಂ ಧಾತುವಿನ ಅರ್ಧಾಯುವು ಎಂದಿಗೂ ಬದಲಾಗುವುದಿಲ್ಲ. ಅಂಡಪುಟಕಗಳ ಅರ್ಧಾಯುವು ವಯಸ್ಸಾದಂತೆ ಕುಗ್ಗುತ್ತದೆ. ಲೆಕ್ಕಮಾಡಿ ನೋಡೋಣ. ಹುಟ್ಟುವಾಗ 10 ಲಕ್ಷವಿದ್ದುದು 13ನೆಯ ವಯಸ್ಸಿಗೆ 3.5 ಲಕ್ಷವಾದರೆ ಅರ್ಧಾಯು ಸುಮಾರು 8.5 ವರ್ಷ. 37-38ನೆಯ ವಯಸ್ಸಿಗೆ ಅದು 25,000ಕ್ಕೆ ಇಳಿಯುತ್ತದೆಂದು ಇಟ್ಟುಕೊಂಡರೆ ಈ ಅವಧಿಯ ಅರ್ಧಾಯು ಸುಮಾರು 6.5 ವರ್ಷ. ಅಲ್ಲಿಂದ 51ನೆಯ ವಯಸ್ಸಿಗೆ 1,000ಕ್ಕೆ ಇಳಿಯಬೇಕಾದರೆ ಅರ್ಧಾಯು ಕೇವಲ 3 ವರ್ಷ! ಹಿಂದಿನ ನಿಧಾನಗತಿಯೇ ಮುಂದುವರಿದಿದ್ದರೆ ಋತುಬಂಧವು 67-68ನೆಯ ವಯಸ್ಸಿನವರೆಗೂ ಬರುತ್ತಿರಲಿಲ್ಲ. 1992ರಲ್ಲಿ ಫ್ಯಾಡಿ, ಗಾಸ್ಡೆನ್ ಮತ್ತು ಅವರ ಸಂಗಡಿಗರು ಇಂತಹುದೇ ಗಣಿತವನ್ನು ಹೆಚ್ಚು ಸೂಕ್ಷ್ಮವಾಗಿ ಮಾಡಿ ಆ ವಯಸ್ಸು ಸುಮಾರು 71 ಎಂದು ಹೇಳಿದರು. ಕ್ಷಯದ ವೇಗವು 38ರ ಸುಮಾರಿನಲ್ಲಿ ಥಟ್ಟನೆ ಹೆಚ್ಚುತ್ತದೆಂಬುದು ಅವರ ಅಭಿಪ್ರಾಯವಾಗಿತ್ತು. 2008ರಲ್ಲಿ ಹ್ಯಾನ್ಸೆನ್ ಮತ್ತು ಇತರರು ಹೆಚ್ಚಿನ ಅಂಡಾಶಯಗಳಲ್ಲಿ ಎಣಿಕೆ ನಡೆಸಿ, ಹೆಚ್ಚಳವು ಥಟ್ಟನೆಯದಲ್ಲ, ಕ್ರಮಕ್ರಮವಾದುದು ಎಂದು ತೋರಿಸಿದರು. ಕುಗ್ಗುವ ಬಗೆ ಹೇಗೇ ಇರಲಿ, ಅರ್ಧಾಯು ಕುಗ್ಗುವುದಂತೂ ನಿಜ.

ಈ ಲೆಕ್ಕದಿಂದ ತಡವಾದ ಋತುಬಂಧದ ಬಗ್ಗೆ ಒಂದು ಸ್ವಾರಸ್ಯವಾದ ಸಂಗತಿ ಹೊರಬೀಳುತ್ತದೆ. ಹುಟ್ಟುವಾಗಲೇ ಒಬ್ಬರಿಗೂ ಇನ್ನೊಬ್ಬರಿಗೂ ಅಂಡಪುಟಕಗಳ ಸಂಖ್ಯೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ. ಕ್ಷಯದ ವೇಗವು ವಯಸ್ಸನ್ನೇ ಅನುಸರಿಸುತ್ತದೆಂದು ಭಾವಿಸಿದರೆ, ಇತರರಿಗಿಂತ ಇಮ್ಮಡಿ ಸಂಗ್ರಹದೊಡನೆ ಹುಟ್ಟಿದವಳಿಗೆ ಋತುಬಂಧವು ತಡವಾಗುವುದು ಒಂದು ಕೊನೆಗಾಲದ ಅರ್ಧಾಯುವಿನಷ್ಟು, ಎಂದರೆ 3 ವರ್ಷದಷ್ಟು ಮಾತ್ರ. 51ಕ್ಕೆ ಬದಲು 56ರಲ್ಲಿ ನಿಲ್ಲಬೇಕಾದರೆ ಸಂಗ್ರಹವು ಸುಮಾರು ಮೂರು ಪಟ್ಟು ಹೆಚ್ಚಾಗಿರಬೇಕು, ಇಲ್ಲವೇ ಕ್ಷಯವು ತುಸು ನಿಧಾನವಾಗಿರಬೇಕು. ಇಂತಹ ಹೆಚ್ಚುಕಡಿಮೆಗಳು ಪ್ರಕೃತಿಯಲ್ಲಿ ಸರ್ವಸಾಮಾನ್ಯ. ತಡವಾದ ಋತುಬಂಧವು ತನ್ನಷ್ಟಕ್ಕೆ ತಾನೇ ರೋಗವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೆಲವರಿಗೇ ಏಕೆ ತಡ?

ತಾಯಿಗೆ ತಡವಾಗಿ ನಿಂತಿದ್ದರೆ ಮಗಳಿಗೂ ತಡವಾಗಿ ನಿಲ್ಲುವ ಸಂಭವ ಹೆಚ್ಚು. ಅವಳಿ ಸೋದರಿಯರ ಅಧ್ಯಯನಗಳಿಂದ, ಋತುಬಂಧದ ವಯಸ್ಸಿನಲ್ಲಿ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗವಾದರೂ ಆನುವಂಶಿಕವೆಂದು ತಿಳಿದುಬಂದಿದೆ. ಉಳಿದ ಭಾಗಕ್ಕೆ ಜೀವನಕ್ರಮ ಮತ್ತು ಪರಿಸರಗಳು ಕಾರಣ. ಧೂಮಪಾನ ಮಾಡುವವರಿಗೆ ಋತುಬಂಧವು ಒಂದೆರಡು ವರ್ಷ ಮುಂಚೆ ಬರುತ್ತದೆ. ಮಕ್ಕಳನ್ನು ಹೆತ್ತವರಿಗೆ, ಹೆರದವರಿಗಿಂತ ಸರಾಸರಿಯಲ್ಲಿ ಸ್ವಲ್ಪ ತಡವಾಗಿ ಬರುತ್ತದೆ. ಬಡತನ, ಅಪೌಷ್ಟಿಕತೆಗಳಿರುವಲ್ಲಿ ಬೇಗ ಬರುವುದು ಕಂಡುಬಂದಿದೆ.

2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಯುರೋಪಿಯನ್ ಮೂಲದ ಸುಮಾರು 2 ಲಕ್ಷ ಸ್ತ್ರೀಯರ ವಂಶವಾಹಿಗಳನ್ನು ಪರೀಕ್ಷಿಸಿ, ಋತುಬಂಧದ ವಯಸ್ಸಿನೊಡನೆ ಸಂಬಂಧವುಳ್ಳ 290 ತಾಣಗಳನ್ನು ಗುರುತಿಸಿದರು. ಇವುಗಳಲ್ಲಿ ಬಹಳಷ್ಟು ಡಿಎನ್‌ಎ ಅಣುವಿಗೆ ಆಗುವ ಹಾನಿಯನ್ನು ಪತ್ತೆಹಚ್ಚುವ ಮತ್ತು ಸರಿಪಡಿಸುವ ಕೆಲಸಕ್ಕೆ ಸೇರಿದವು. ಚೆಕ್-2 ಎಂಬ ವಂಶವಾಹಿ ಇವುಗಳಲ್ಲೊಂದು. ಇದು ಕಾರ್ಖಾನೆಯ ತಪಾಸಣಾಧಿಕಾರಿಯಂತೆ. ಡಿಎನ್‌ಎ ಕೆಟ್ಟಿರುವ ಅಂಡಾಣುಗಳನ್ನು ಗುರುತಿಸಿ ತೆಗೆದುಹಾಕಿಸುತ್ತದೆ. ಈ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಲಸಮಾಡದಿರುವ ಸ್ತ್ರೀಯರಿಗೆ ಋತುಬಂಧವು ಸುಮಾರು ಮೂರೂವರೆ ವರ್ಷ ತಡವಾಗುತ್ತದೆ. ತಪಾಸಣೆ ಸಡಿಲವಾದುದರಿಂದ ಅಂಡಾಣುಗಳು ಹೆಚ್ಚು ಕಾಲ ಉಳಿಯುತ್ತವೆ. ಆದರೆ ಇದೇ ಸಡಿಲಿಕೆಯಿಂದ ಸ್ತನದ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆಂಬುದೂ ಮೊದಲೇ ತಿಳಿದಿದ್ದ ಸಂಗತಿ. ಒಂದೇ ಕಾರಣದಿಂದ ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ.

ಲಾಭ ಮತ್ತು ನಷ್ಟ

ಅಂಡಾಶಯವು ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಮೂಳೆಗಳ ಸವೆತವನ್ನು ತಡೆಯುತ್ತದೆ, ರಕ್ತನಾಳಗಳಿಗೂ ಹಿತಕಾರಿ. ಆದುದರಿಂದ ಹೆಚ್ಚು ವರ್ಷ ಅದರ ಆಶ್ರಯದಲ್ಲಿರುವವರಿಗೆ ಮುಪ್ಪಿನಲ್ಲಿ ಮೂಳೆ ಮುರಿಯುವ ಮತ್ತು ಹೃದ್ರೋಗ ಬರುವ ಅಪಾಯ ಕಡಿಮೆ. ಆದರೆ ಅದೇ ಹಾರ್ಮೋನು ಸ್ತನದ ಮತ್ತು ಗರ್ಭಕೋಶದ ಒಳಪದರದ ಜೀವಕೋಶಗಳು ವೃದ್ಧಿಯಾಗುವಂತೆ ಪ್ರೇರಿಸುತ್ತದೆ. ಆ ಎಡೆಗಳಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು.

ಈ ಎರಡು ತಟ್ಟೆಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಅಧ್ಯಯನವೊಂದು ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ನಡೆಯಿತು. ಸ್ತನಪರೀಕ್ಷೆಗೆಂದು ಬಂದ, ಮುಟ್ಟು ನಿಂತಿದ್ದ 12,134 ಸ್ತ್ರೀಯರನ್ನು ಸರಾಸರಿ 17 ವರ್ಷಗಳ ಕಾಲ ಗಮನಿಸಿ ಫಲಿತಾಂಶವನ್ನು 2005ರಲ್ಲಿ ಪ್ರಕಟಿಸಿದರು. ಋತುಬಂಧವು ಒಂದೊಂದು ವರ್ಷ ಮುಂದೆ ಹೋದಂತೆ ಒಟ್ಟು ಮರಣದ ಅಪಾಯವು ಶೇಕಡ 2ರಂತೆ ಇಳಿಯಿತು. ಗರ್ಭಕೋಶ ಮತ್ತು ಅಂಡಾಶಯಗಳ ಕ್ಯಾನ್ಸರಿನಿಂದ ಸಾಯುವ ಅಪಾಯವು ಶೇಕಡ 5ರಂತೆ ಏರಿತು. ಒಟ್ಟಿನಲ್ಲಿ, 55 ದಾಟಿದ ಮೇಲೆ ಮುಟ್ಟು ನಿಂತವರು 40ಕ್ಕೆ ಮುಂಚೆ ನಿಂತವರಿಗಿಂತ ಸರಾಸರಿ 2 ವರ್ಷ ಹೆಚ್ಚು ಬಾಳಿದರು. ಹೃದಯದ ರೋಗಗಳು ಆ ಕ್ಯಾನ್ಸರುಗಳಿಗಿಂತ ಬಹಳ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಳ್ಳುವುದರಿಂದ ತಕ್ಕಡಿ ಲಾಭದ ಕಡೆಗೆ ವಾಲಿತು. ತಡವಾದ ಋತುಬಂಧವೇ ಆಯುಸ್ಸನ್ನು ಹೆಚ್ಚಿಸಿತೆಂದು ಮಾತ್ರ ಇದರಿಂದ ತೀರ್ಮಾನಿಸಲಾಗದು. ಶರೀರದ ಜೀವಕೋಶಗಳು ಚೆನ್ನಾಗಿ ದುರಸ್ತಿಯಾಗುತ್ತಿರುವವರಿಗೆ ಎರಡೂ ಒಟ್ಟಿಗೆ ದೊರೆತಿರಬಹುದು.

ಇಂತಹ ಶೇಕಡಾವಾರು ಅಂಕಿಗಳನ್ನು ಓದುವಾಗ ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು. 2012ರಲ್ಲಿ ಪ್ರಕಟವಾದ, 117 ಅಧ್ಯಯನಗಳ ಸಂಗ್ರಹವೊಂದರ ಪ್ರಕಾರ ಋತುಬಂಧವು ಒಂದು ವರ್ಷ ತಡವಾದರೆ ಸ್ತನದ ಕ್ಯಾನ್ಸರಿನ ಅಪಾಯವು 1.029 ಪಟ್ಟಾಗುತ್ತದೆ. 46ಕ್ಕೆ ಬದಲು 56ರಲ್ಲಿ ನಿಂತರೆ? 1.029ನ್ನು ಹತ್ತು ಬಾರಿ ಗುಣಿಸಬೇಕು, ಸುಮಾರು 1.33 ಬರುತ್ತದೆ. ‘ಅಪಾಯ ಶೇಕಡ 33 ಹೆಚ್ಚು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿದರೆ ಓದಿದವರ ಎದೆ ನಡುಗೀತು. ಉದಾಹರಣೆಗಾಗಿ, 1,000 ಮಂದಿಯಲ್ಲಿ 30 ಮಂದಿಗೆ ಈ ರೋಗ ಬರುವುದೆಂದು ಇಟ್ಟುಕೊಳ್ಳೋಣ. ಶೇಕಡ 33 ಹೆಚ್ಚೆಂದರೆ ಆ 30 ಎಂಬುದು 40 ಆಗುತ್ತದೆ. ಮಿಕ್ಕ 960 ಮಂದಿಗೆ ರೋಗ ಬರುವುದಿಲ್ಲ. ಈ ಹೆಚ್ಚಳವನ್ನು ಅಲಕ್ಷಿಸಬಾರದು; ಆದರೆ ಅದಕ್ಕೆ ತಕ್ಕ ಪ್ರತಿಕ್ರಿಯೆ ಭೀತಿಯಲ್ಲ, ಕ್ರಮಬದ್ಧವಾದ ಸ್ತನಪರೀಕ್ಷೆ.

ಒಂದೇ ವಯಸ್ಸು, ಮೂರು ಅನುಭವ

ಇದುವರೆಗೆ ಹೇಳಿದುದೆಲ್ಲ ಗುಂಪಿನ ಲೆಕ್ಕ. ಈಗ ಒಬ್ಬೊಬ್ಬರ ಕಡೆಗೆ ತಿರುಗೋಣ. 56ನೆಯ ವಯಸ್ಸಿನಲ್ಲಿ ಮುಟ್ಟು ನಿಂತ ಮೂವರು ಸ್ತ್ರೀಯರನ್ನು ಕಲ್ಪಿಸಿಕೊಳ್ಳೋಣ. ಇವರು ಎಲ್ಲಿಯೂ ಇರುವ ನಿಜವ್ಯಕ್ತಿಗಳಲ್ಲ. ಆದರೆ ಇವರಂತಹವರು ಎಲ್ಲೆಡೆಯೂ ಇದ್ದಾರೆ.

ಮೊದಲನೆಯವರಿಗೆ ಕೊನೆಯವರೆಗೂ ಮುಟ್ಟು ಹೆಚ್ಚುಕಡಿಮೆ ಕ್ರಮವಾಗಿಯೇ ಬಂದು, ಕೊನೆಯ ಎರಡು ವರ್ಷ ಅಂತರ ಹೆಚ್ಚುತ್ತಾ ಹೋಗಿ, ಸದ್ದಿಲ್ಲದೆ ನಿಂತಿತು. ಮೂಳೆ ಗಟ್ಟಿಯಾಗಿದೆ, ರಕ್ತದೊತ್ತಡ ಸರಿಯಾಗಿದೆ. ಅವರಿಗೆ ಬೇಸರವಾದುದು ಶರೀರದಿಂದಲ್ಲ, ಸಂಪ್ರದಾಯದಿಂದ. ಮುಟ್ಟಾದವರು ದೇವರ ಮನೆಗೆ ಹೋಗಬಾರದು, ಅಡುಗೆಮನೆಗೆ ಬರಬಾರದೆಂಬ ಕಟ್ಟುಪಾಡು ಇರುವ ಮನೆಯಲ್ಲಿ ಓರಗಿತ್ತಿಯರಿಗೆ ಹತ್ತು ವರ್ಷ ಹಿಂದೆಯೇ ಅದು ತಪ್ಪಿತ್ತು. ಇವರಿಗೆ ಮಗಳ ಮದುವೆಯ ದಿನ ಯಾವ ತಿಥಿಗೆ ಬೀಳುವುದೋ ಎಂಬ ಲೆಕ್ಕಾಚಾರ 56ರವರೆಗೂ ತಪ್ಪಲಿಲ್ಲ.

ಎರಡನೆಯವರ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗೆಡ್ಡೆಗಳಿದ್ದುವು. ಇವು ಕ್ಯಾನ್ಸರಲ್ಲ, ಈಸ್ಟ್ರೋಜನ್ ಮುಂತಾದ ಹಾರ್ಮೋನುಗಳಿಂದ ಬೆಳೆದು, ಋತುಬಂಧವಾದ ಮೇಲೆ ಸಾಮಾನ್ಯವಾಗಿ ಕುಗ್ಗುವಂತಹವು. ಋತುಬಂಧ ತಡವಾದಷ್ಟೂ ಇವುಗಳ ಕಾಟ ದೀರ್ಘ. ಇದರ ಜೊತೆಗೆ ಸಂಧಿಕಾಲದಲ್ಲಿ ಅನೇಕ ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಗರ್ಭಕೋಶದ ಒಳಪದರವನ್ನು ಹದದಲ್ಲಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಉತ್ಪನ್ನವಾಗದೆ, ಈಸ್ಟ್ರೋಜನ್ನಿನ ಪ್ರಭಾವದಿಂದ ಒಳಪದರ ದಪ್ಪವಾಗಿ ಬೆಳೆದು, ಕಳಚುವಾಗ ವಿಪರೀತ ರಕ್ತಸ್ರಾವವಾಗುತ್ತದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. 80 ಮಿಲಿಲೀಟರಿನಲ್ಲಿ 40 ಮಿಲಿಗ್ರಾಂ ಹೋಯಿತು. ನಾವು ಉಣ್ಣುವ ಅನ್ನದಿಂದ ಕರುಳು ದಿನಕ್ಕೆ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ ಮಾತ್ರ. ಆಯಕ್ಕಿಂತ ವ್ಯಯ ಹೆಚ್ಚಾದ ಮೇಲೆ ರಕ್ತಹೀನತೆ ಬಾರದೆ ಉಳಿದೀತೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿದ್ದುದು ಕಂಡುಬಂದಿತು. ಮೊದಲೇ ಬರಿದಾಗಿರುವ ಬೊಕ್ಕಸಕ್ಕೆ ಮುಟ್ಟಿನ ಈ ಹೆಚ್ಚಿನ ವರ್ಷಗಳು ಭಾರವಾಗುತ್ತವೆ. ಮೆಟ್ಟಿಲೇರಿದರೆ ಏದುಸಿರು ಬರುವ ಈ ತಾಯಿಗೆ ‘ನಿಮಗಿನ್ನೂ ಪ್ರಾಯ’ ಎಂಬ ನೆರೆಯವರ ಮೆಚ್ಚುಗೆಯಿಂದ ಏನೂ ಸಮಾಧಾನವಿಲ್ಲ.

ಮೂರನೆಯವರಿಗೆ 50ನೆಯ ವಯಸ್ಸಿನಲ್ಲಿ, ಇನ್ನೂ ಮುಟ್ಟಾಗುತ್ತಿರುವಾಗಲೇ, ಮೈಬಿಸಿಯೇರುವುದು ಮೊದಲಾಯಿತು. ಎದೆಯಿಂದ ಮುಖದವರೆಗೆ ಒಮ್ಮೆಗೇ ಕಾವು ಹತ್ತಿ, ಬೆವರು ಕಿತ್ತು, ಬಳಿಕ ಚಳಿಯಾಗುತ್ತದೆ. ಮಿದುಳಿನ ಹೈಪೊಥಲಮಸ್ ಎಂಬ ಭಾಗ ನಮ್ಮ ದೇಹದ ಉಷ್ಣನಿಯಂತ್ರಕ. ಇಸ್ತ್ರಿಪೆಟ್ಟಿಗೆಯಲ್ಲಿರುವ ನಿಯಂತ್ರಕದಂತೆ ಇದಕ್ಕೂ ಒಂದು ಮೇಲ್ಮಿತಿ, ಒಂದು ಕೆಳಮಿತಿ ಇವೆ. ಮೇಲ್ಮಿತಿ ದಾಟಿದರೆ ಬೆವರು, ಕೆಳಮಿತಿ ದಾಟಿದರೆ ನಡುಕ. ಅಮೆರಿಕದ ಫ್ರೀಡ್‌ಮನ್ ಎಂಬ ವಿಜ್ಞಾನಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಋತುಬಂಧವಾಗಿದ್ದರೂ ಈ ತೊಂದರೆಯಿಲ್ಲದ ಸ್ತ್ರೀಯರಲ್ಲಿ ಈ ಎರಡು ಮಿತಿಗಳ ನಡುವೆ ಸುಮಾರು 0.4 ಡಿಗ್ರಿ ಸೆಲ್ಸಿಯಸ್ ಅಂತರವಿದ್ದುದೂ, ತೊಂದರೆಯಿರುವವರಲ್ಲಿ ಆ ಅಂತರ ಬಹುಮಟ್ಟಿಗೆ ಇಲ್ಲವಾಗಿದ್ದುದೂ ತಿಳಿದುಬಂದಿತು. ಒಂದು ಲೋಟ ಬಿಸಿ ಕಾಫಿ ಕುಡಿದರೂ ಮಿತಿ ದಾಟಿದಂತೆಯೇ! ಅಮೆರಿಕದಲ್ಲಿ 1990ರ ದಶಕದಿಂದ ಸ್ತ್ರೀಯರನ್ನು ಗಮನಿಸುತ್ತಾ ಬಂದ ‘ಸ್ವಾನ್’ ಎಂಬ ಅಧ್ಯಯನದ 2015ರ ವರದಿಯಂತೆ ಈ ತೊಂದರೆಯ ಮಧ್ಯಮಾವಧಿ 7.4 ವರ್ಷ. ಆದರೆ ಮುಟ್ಟು ನಿಲ್ಲುವ ಬಹಳ ಮುಂಚೆಯೇ ಆರಂಭವಾದವರಲ್ಲಿ ಅದು 11.8 ವರ್ಷಗಳಿಗಿಂತಲೂ ಹೆಚ್ಚು. ಮುಟ್ಟು ನಿಂತ ಮೇಲೆ ಆರಂಭವಾದವರಲ್ಲಿ 3.4 ವರ್ಷ ಮಾತ್ರ. ಆದುದರಿಂದ ಋತುಬಂಧ ತಡವಾಯಿತೆಂದರೆ ಅದರ ಕಷ್ಟಗಳೂ ತಡವಾಗುತ್ತವೆಂದು ಹೇಳಲಾಗದು. ಈ ಮೂರನೆಯವರಿಗೆ ಇನ್ನೊಂದು ಚಿಂತೆಯೂ ಇತ್ತು. ಮುಟ್ಟು ಎರಡು ತಿಂಗಳು ತಪ್ಪಿದಾಗಲೆಲ್ಲ ಗರ್ಭ ನಿಂತಿತೋ ಎಂಬ ಭಯ. 50 ದಾಟಿದವರಲ್ಲಿ ಗರ್ಭಧಾರಣೆ ಅಪರೂಪ. ಆದರೂ ಕೊನೆಯ ಮುಟ್ಟಾಗಿ ಒಂದು ವರ್ಷ ತುಂಬುವವರೆಗೆ ಎಚ್ಚರಿಕೆ ಬಿಡಬಾರದೆಂದು ವೈದ್ಯರು ಹೇಳುತ್ತಾರೆ.

ಮೂವರ ದಾಖಲೆಯಲ್ಲಿಯೂ ‘ಋತುಬಂಧ: 56’ ಎಂದು ಒಂದೇ ಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆಯನ್ನು ನೋಡಿ ಮೂವರಿಗೂ ಒಂದೇ ಮಾತು ಹೇಳುವುದು ಅವಿವೇಕ. ಎರಡನೆಯವರ ರಕ್ತಹೀನತೆಗೂ ಮೂರನೆಯವರ ಮೈಬಿಸಿಗೂ ಇಂದು ಒಳ್ಳೆಯ ಚಿಕಿತ್ಸೆಗಳಿವೆ. ‘ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಸಹಿಸಿಕೊಂಡಿರಬೇಕಾಗಿಲ್ಲ.

ಮರೆಯಬಾರದ ಒಂದು ನಿಯಮ

ಅನುಭವಗಳು ಎಷ್ಟೇ ಭಿನ್ನವಾಗಿರಲಿ, ಎಲ್ಲರಿಗೂ ಸಮಾನವಾಗಿ ಅನ್ವಯಿಸುವ ನಿಯಮವೊಂದಿದೆ. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ದಿನವಾಗಲಿ, ಒಂದು ಕಲೆಯಷ್ಟೇ ಆಗಲಿ, ವೈದ್ಯರಿಗೆ ತೋರಿಸಲೇಬೇಕು. ‘ಮುಟ್ಟು ಮತ್ತೆ ಬಂತು, ನನಗೆ ತಡವಾಗಿ ನಿಲ್ಲುತ್ತದೆಂದು ಕಾಣುತ್ತದೆ’ ಎಂದು ಸುಮ್ಮನಿರುವುದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ. ಏಕೆಂದರೆ ಗರ್ಭಕೋಶದ ಒಳಪದರದ ಕ್ಯಾನ್ಸರು ಮೊಟ್ಟಮೊದಲು ತನ್ನನ್ನು ತೋರಿಸಿಕೊಳ್ಳುವುದು ಸಾಮಾನ್ಯವಾಗಿ ಹೀಗೆಯೇ.

2018ರಲ್ಲಿ ಪ್ರಕಟವಾದ ಸಂಗ್ರಹ ಅಧ್ಯಯನವೊಂದರ ಎರಡು ಅಂಕಿಗಳನ್ನು ಇಲ್ಲಿ ಹೇಳಬೇಕು. ಈ ಕ್ಯಾನ್ಸರು ಬಂದ, ಋತುಬಂಧವಾಗಿದ್ದ ಸ್ತ್ರೀಯರಲ್ಲಿ 100ಕ್ಕೆ ಸುಮಾರು 91 ಮಂದಿಗೆ ರಕ್ತಸ್ರಾವವಾಗಿತ್ತು. ಋತುಬಂಧದ ನಂತರ ರಕ್ತಸ್ರಾವವಾದ ಸ್ತ್ರೀಯರಲ್ಲಿ 100ಕ್ಕೆ ಸುಮಾರು 9 ಮಂದಿಯಲ್ಲಿ ಮಾತ್ರ ಈ ಕ್ಯಾನ್ಸರಿತ್ತು. ಮೇಲೆಮೇಲೆ ನೋಡಿದರೆ ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಮೊದಲನೆಯದರಲ್ಲಿ ನೂರು ಎಂದರೆ ರೋಗಿಗಳು. ಎರಡನೆಯದರಲ್ಲಿ ನೂರು ಎಂದರೆ ರಕ್ತ ಕಂಡವರು. ಮೊದಲನೆಯ ಅಂಕಿ ‘ಅಲಕ್ಷಿಸಬೇಡಿ’ ಎನ್ನುತ್ತದೆ. ಎರಡನೆಯದು ‘ಎದೆಗುಂದಬೇಡಿ’ ಎನ್ನುತ್ತದೆ. ಪರೀಕ್ಷೆಯೂ ಕಠಿನವಾದುದಲ್ಲ. ಶ್ರವಣಾತೀತ ಧ್ವನಿತರಂಗಗಳಿಂದ, ಎಂದರೆ ಸ್ಕ್ಯಾನಿಂಗ್‌ನಿಂದ, ಒಳಪದರದ ದಪ್ಪವನ್ನು ಅಳೆಯುತ್ತಾರೆ. ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳುವಾಗಿದ್ದರೆ ಕ್ಯಾನ್ಸರಿನ ಸಂಭವ ಬಹಳ ಕಡಿಮೆ. ದಪ್ಪವಾಗಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ಪದರದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಮೊದಲ ಹಂತದಲ್ಲಿಯೇ ತಿಳಿದರೆ ಈ ಕ್ಯಾನ್ಸರನ್ನು ಬಹುಮಟ್ಟಿಗೆ ಗುಣಪಡಿಸಬಹುದು.

ಇದರಂತೆಯೇ 55 ದಾಟಿದ ಮೇಲೂ ಮುಟ್ಟು ಮುಂದುವರಿದಿದ್ದರೆ ಒಮ್ಮೆಯಾದರೂ ವೈದ್ಯರನ್ನು ಕಂಡು, ಅದು ನಿಜವಾಗಿ ಮುಟ್ಟೋ ಅಥವಾ ಬೇರೆ ಕಾರಣದಿಂದಾಗುವ ರಕ್ತಸ್ರಾವವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎರಡು ಮುಟ್ಟುಗಳ ನಡುವೆ ರಕ್ತ ಕಾಣುವುದು, ಗಂಟೆಗೊಮ್ಮೆ ಬಟ್ಟೆ ಬದಲಿಸುವಷ್ಟು ಸ್ರಾವವಾಗುವುದು, ಇವೂ ತೋರಿಸಿಕೊಳ್ಳಬೇಕಾದುವೇ.

ನಮ್ಮ ವಿದ್ಯಾರ್ಥಿಗಳಿಗೆ ಇದರಲ್ಲಿ ಮಾಡುವ ಕೆಲಸವೊಂದಿದೆ. ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನೂ ಬಾಯಿಲೆಕ್ಕಕ್ಕೆ ಬಿಡದೆ ಪುಸ್ತಕದಲ್ಲಿ ಬರೆದಿಡಬೇಕೆಂದು ನಿಮಗೆ ಕಲಿಸಿರುತ್ತಾರೆ. ಋತುಬಂಧದ ವ್ಯಾಖ್ಯೆಯೇ 12 ತಿಂಗಳ ಅಳತೆಯ ಮೇಲೆ ನಿಂತಿದೆ. ಆದರೆ ಕೊನೆಯ ಸಲ ಮುಟ್ಟಾದದ್ದು ಎಂದು ಎಂದು ವೈದ್ಯರು ಕೇಳಿದರೆ ‘ದೀಪಾವಳಿಯ ಹಿಂದೆಯೋ ಮುಂದೆಯೋ’ ಎಂಬ ಉತ್ತರ ಬರುವುದೇ ಹೆಚ್ಚು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನವನ ಲೆಕ್ಕವೂ ಗ್ಯಾಸ್ ಸಿಲಿಂಡರು ಬಂದ ದಿನವೂ ತಪ್ಪದೆ ಗುರುತಾಗಿರುತ್ತವೆ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಚುಕ್ಕೆಯಿಡುವಂತೆ ನಿಮ್ಮ ತಾಯಿಗೆ ಹೇಳಿ. ಅವರು ಸಂಕೋಚಪಟ್ಟರೆ ಈ ಲೇಖನವನ್ನು ಅವರ ಕೈಗೆ ಕೊಡಿ. ಮುಟ್ಟು ನಿಂತು ವರ್ಷವಾದುದು ಎಂದು, ಆಮೇಲೆ ರಕ್ತ ಕಂಡದ್ದು ಎಂದು ಎಂಬುದನ್ನು ವೈದ್ಯರಿಗೆ ಆ ಚುಕ್ಕೆಗಳಷ್ಟು ಖಚಿತವಾಗಿ ಬೇರೆ ಯಾವುದೂ ಹೇಳಲಾರದು.